ದುಂಡವ್ವನ ಗುಂಯ್‌ಕೋಲು

ನಮ್ಮ ಮುತ್ತಜ್ಜಿಯ ಮುತ್ತಜ್ಜಿಗೆ ಇನ್ನೂ ಹಾಲುಹಲ್ಲು ಮೂಡಿರದಿದ್ದ ಕಾಲದಲ್ಲಿ, ಏಳು ಗುಡ್ಡಗಳ ಆಚೆ ಥಳಥಳಪುರ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ರಾಜನ ಕಿರೀಟಕ್ಕಿಂತ ಬಡವರ ಮನೆಯ ತಂಬಿಗೆಯೇ ಹೆಚ್ಚು ಹೊಳೆಯುತ್ತಿತ್ತು. ಅದಕ್ಕೆ ಕಾರಣ ಅಡಿವೆಪ್ಪ ಮತ್ತು ಅವನ ಹೆಂಡತಿ ದುಂಡವ್ವ. ಅಡಿವೆಪ್ಪ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ, ದುಂಡವ್ವ ಪಕ್ಕದಲ್ಲಿ ಕೂತು ಕುಲುಮೆಗೆ ಗಾಳಿ ಊದುವ ತಿದಿ ಒತ್ತುತ್ತಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಡಿವೆಪ್ಪ ಮಹಾ ನಿಧಾನಿ. ದುಂಡವ್ವನೋ, ಅಕ್ಕಿ ಬೇಯುವ ಮೊದಲೇ ಎಲೆ ಹಾಕುವವಳು. ಆದರೂ ಒಬ್ಬರನ್ನು ಕಂಡರೆ ಒಬ್ಬರಿಗೆ ಪ್ರಾಣ.

ಆ ರಾಜ್ಯದ ಅಂಚಿನಲ್ಲಿ ಕಿಲುಬಪ್ಪ ಎಂಬ ಮಾಂತ್ರಿಕನಿದ್ದ. ನೂರು ವರ್ಷ ಸ್ನಾನ ಮಾಡಿರಲಿಲ್ಲ, ನೂರು ವರ್ಷ ಕನ್ನಡಿ ನೋಡಿರಲಿಲ್ಲ. ಒಂದು ದಿನ ಅವನು ತನ್ನ ಮಾಯಾ ಹಂಡೆಯನ್ನು ಹೊತ್ತು ತಂದು ಅಡಿವೆಪ್ಪನ ಮುಂದೆ ಧೊಪ್ಪೆಂದು ಇಳಿಸಿದ. ಅಡಿವೆಪ್ಪ ಹಂಡೆಯನ್ನು ತಿಕ್ಕಿದ, ಕಾಯಿಸಿದ, ತವರ ಸವರಿದ. ಹಂಡೆಯ ಒಳಗೆ ಹುಣ್ಣಿಮೆ ಬಂದ ಹಾಗಾಯಿತು. ಕಿಲುಬಪ್ಪ ಬಗ್ಗಿ ನೋಡಿ ಬೆಚ್ಚಿಬಿದ್ದ.

"ಯಾವನೋ ಇವ, ನನ್ನ ಹಂಡೆದಾಗ ಕುಂತ ಮಂಗ?"

ಅಡಿವೆಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಅದು ನೀವರೀ ಧಣಿ" ಎಂದುಬಿಟ್ಟ.

ಸತ್ಯ ಹೇಳಿದರೆ ಸಭ್ಯರೇ ಸಹಿಸುವುದಿಲ್ಲ, ಮಾಂತ್ರಿಕರು ಸಹಿಸುತ್ತಾರೆಯೇ? ಕಿಲುಬಪ್ಪ ಒಂದು ಹಿಡಿ ಬೂದಿ ಎರಚಿ, "ಕತ್ತೆ!" ಎಂದು ಕೂಗಿದ. ಅಡಿವೆಪ್ಪನ ಕಿವಿ ಉದ್ದವಾದವು, ಮೂತಿ ಉದ್ದವಾಯಿತು, ಹಿಂದೆ ಬಾಲ ಬಂತು. ನೋಡನೋಡುತ್ತಿದ್ದಂತೆ ದುಂಡವ್ವನ ಗಂಡ ಬೂದು ಬಣ್ಣದ ಕತ್ತೆಯಾಗಿ ನಿಂತಿದ್ದ. ಕಿಲುಬಪ್ಪ ಹಂಡೆ ಹೊತ್ತುಕೊಂಡು ಮಾಯವಾದ. ಕೂಲಿಯನ್ನೂ ಕೊಡಲಿಲ್ಲ.

ದುಂಡವ್ವ ಅತ್ತಳು. ಹೆಚ್ಚು ಹೊತ್ತು ಅಳಲಿಲ್ಲ, ಅವಳಿಗೆ ಅಳುವುದರಲ್ಲೂ ಅವಸರ. ಕಣ್ಣೊರೆಸಿಕೊಂಡು, ಕತ್ತೆಯ ಕೊರಳಿಗೆ ತನ್ನ ಹಳೆಯ ಸೀರೆಯ ಅಂಚನ್ನು ಕಟ್ಟಿ, "ನಡೀರಿ, ಗವಿಯಜ್ಜಿ ಹಂತೇಕ ಹೋಗೂಣು" ಎಂದು ಹೊರಟಳು.

ಗವಿಯಜ್ಜಿ ಎಂದರೆ ಗುಡ್ಡದ ಗವಿಯಲ್ಲಿ ಒಬ್ಬಳೇ ಇದ್ದ ಮುದುಕಿ. ನೆಲದೊಳಗೆ ಏನಿದ್ದರೂ ಅವಳಿಗೆ ತಿಳಿಯುತ್ತದೆ ಎಂದು ಜನ ಹೇಳುತ್ತಿದ್ದರು. ಅಜ್ಜಿ ಕತ್ತೆಯನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು:

"ಮೂರು ಸಂತಿ, ಅಂದ್ರ ಮೂರು ವಾರದ ತನಕ ಇವಂಗ ತಾ ಯಾರಂತ ನೆನಪ ಇರತೈತಿ. ದಿನಾ ಒಂದೀಟ ಮರೀತಾನ. ಮೂರನೇ ಸಂತಿ ದಿನ ಹೊತ್ತ ಮುಳಗಿತಂದ್ರ ಮುಗೀತು, ಕತ್ತೀನ ಕಾಯಂ. ಕಿಲುಬಪ್ಪ ತನ್ನ ಮಂತ್ರಶಕ್ತಿ ಎಲ್ಲಾ ಒಂದು ಲೋಹದ ಸಾಮಾನಿನ್ಯಾಗ ಇಟ್ಟು, ತನ್ನ ಮೊಳಿ ಹೊಲದಾಗ ಹುಗದಾನ. ಅದನ್ನ ಹುಡುಕಿ ಮುರದ್ರ ಅವನ ಆಟ ಖತಂ. ಯಾವ ಸಾಮಾನು, ಯಾವ ಲೋಹ ಅಂತ ನನಗೂ ಗೊತ್ತಿಲ್ಲ."

"ಮೊಳಿ ಹೊಲ ಅಂದ್ರ?"

"ಯಾರೂ ಹುಡುಕಬಾರದಂತ ಹೊಲದ ತುಂಬ ಕಬ್ಬಿಣದ ಮೊಳಿ ಬಿತ್ಯಾನ. ಬರೇ ಕೈಲೆ ಹುಡುಕಿದ್ರ ಏಳು ಜನ್ಮ ಬೇಕು. ಗುಂಯ್‌ಕೋಲು ಬೇಕು ನಿನಗ."

ಅಜ್ಜಿ ಗವಿಯೊಳಗಿಂದ ಒಂದು ಚೀಲ ತಂದು ನೆಲದ ಮೇಲೆ ಸುರಿದಳು. ಒಂದರೊಳಗೊಂದು ಸೇರುವ ಮೂರು ಬಿದಿರಿನ ತುಂಡು. ತಾಮ್ರದ ತಂತಿ ಸುತ್ತಿದ, ರೊಟ್ಟಿಯಷ್ಟು ಅಗಲದ ಒಂದು ಬಳೆ. ಒಂದು ಉದ್ದನೆಯ ದಾರ. ಎರಡು ಕಿವಿಗಳಿದ್ದ ಒಂದು ಮರದ ಡಬ್ಬಿ. ಡಬ್ಬಿಯೊಳಗೆ ಹೊನ್ನಿನ ಬಣ್ಣದ ಒಂದು ಜೀರುಂಡೆ ನಿದ್ದೆ ಮಾಡುತ್ತಿತ್ತು. ತಾಮ್ರದ ಬಳೆಯ ಕೆಳಗೆ ಲೋಹ ಬಂದರೆ ಈ ಜೀರುಂಡೆ ಗುಂಯ್‌ಗುಡುತ್ತಿತ್ತು, ಅಷ್ಟೇ ಅದರ ಮಾಯೆ.

ದುಂಡವ್ವ ಸರಸರನೆ ಬಿದಿರು ಸೇರಿಸಿ, ಬಳೆ ಸಿಕ್ಕಿಸಿ, ಡಬ್ಬಿ ಕಟ್ಟಿ ಎದ್ದು ನಿಂತಳು. ಕೋಲು ಮೊಣಕಾಲಿಗೆ ಬಂತು. ದಾರ ಜೋತಾಡಿ ಕಾಲಿಗೆ ಸಿಕ್ಕಿ ಧಡಾರನೆ ಬಿದ್ದಳು. ಕತ್ತೆ ಹಲ್ಲು ಕಿರಿಯಿತು. ಆಗಿನ್ನೂ ಅದರಲ್ಲಿ ಅಡಿವೆಪ್ಪ ಬಹಳ ಉಳಿದಿದ್ದ.

"ಬಿಚ್ಚು. ಮತ್ತ ಮೊದಲಿಂದ" ಎಂದಳು ಅಜ್ಜಿ.

ದಾರವನ್ನು ಕೋಲಿಗೆ ಬಿಗಿಯಾಗಿ ಸುತ್ತಬೇಕು, ಜೋತುಬಿದ್ದರೆ ಜೀರುಂಡೆ ಸುಮ್ಮನೆ ಗಾಬರಿಯಾಗಿ ಕೂಗುತ್ತದೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಬಳೆ ನೆಲದಿಂದ ಎರಡು ಬೆರಳು ಮೇಲಿರಬೇಕು. ಬೆನ್ನು ಬಗ್ಗಿತೆಂದರೆ ಕೋಲು ಗಿಡ್ಡವಾಯಿತೆಂದು ತಿಳಿ. ಬೆಳಗಾದರೆ ಜೀರುಂಡೆಗೆ ಹೊಸ ಬೆಲ್ಲ ತಿನ್ನಿಸಬೇಕು, ಹೊಟ್ಟೆ ಹಸಿದರೆ ಅದು ನಿಧಿಯ ಮೇಲೂ ಗೊರಕೆ ಹೊಡೆಯುತ್ತದೆ. ಡಬ್ಬಿಯ ಬಲಗಿವಿ ಹಿಂಡಿದರೆ ಜೀರುಂಡೆ ಆಳದ್ದನ್ನೂ ಕೇಳಿಸಿಕೊಳ್ಳುತ್ತದೆ. ಎಡಗಿವಿ ಹಿಂಡಿದರೆ ಬೇಡವಾದ ಲೋಹಕ್ಕೆ ಕಿವುಡಾಗುತ್ತದೆ. ಇಷ್ಟನ್ನೂ ಅಜ್ಜಿ ಬೈದು ಬೈದು ಕಲಿಸಿದಳು. ದುಂಡವ್ವ ಬೈಸಿಕೊಂಡು ಬೈಸಿಕೊಂಡು ಕಲಿತಳು.

"ಇನ್ನೆರಡು ಮಾತು" ಎಂದಳು ಅಜ್ಜಿ. "ಹೊಸ ನೆಲಕ್ಕ ಹೋದ ಕೂಡಲೇ ಕೋಲಿಂದ ನೆಲಕ್ಕ ನಮಸ್ಕಾರ ಮಾಡಸು. ಬಳಿ ಎತ್ತು, ಇಳಸು, ಎತ್ತು, ಇಳಸು. ಜೀರುಂಡಿ ತಣ್ಣಗಾಗೂತನಕ. ಮತ್ತ, ಅಗದ ಗುಂಡಿ ಮುಚ್ಚದ ಮುಂದ ಹೋಗಬ್ಯಾಡ. ಗುಂಡಿ ಮುಚ್ಚದವರಿಗೆ ನೆಲ ಏನೂ ಕೊಡೂದಿಲ್ಲ."

ಮರುದಿನ ಗವಿಯ ಅಂಗಳದಲ್ಲಿ ಅಭ್ಯಾಸ. ಅಜ್ಜಿ ಒಂದು ತಾಮ್ರದ ಬಿಲ್ಲೆ ಹೂತಿಟ್ಟಿದ್ದಳು. ಆದರೆ ದುಂಡವ್ವ ಎಲ್ಲಿ ಕಾಲಿಟ್ಟರೂ ಗುಂಯ್! ಎಡಕ್ಕೆ ಗುಂಯ್, ಬಲಕ್ಕೆ ಗುಂಯ್. ಹದಿನೇಳು ಗುಂಡಿ ಅಗೆದಳು, ಹದಿನೇಳನ್ನೂ ಮುಚ್ಚಿದಳು, ಎರೆಹುಳು ಬಿಟ್ಟು ಬೇರೇನೂ ಸಿಗಲಿಲ್ಲ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಏ ಹುಚ್ಚಿ, ನಿನ್ನ ಕಾಲ ನೋಡಕೋ! ಜೀರುಂಡಿ ನಿನ್ನ ಕಾಲುಂಗುರಕ್ಕ ಗುಂಯ್ ಅನ್ನಾಕತ್ತೈತಿ. ತಗದ ಇಡು."

ದುಂಡವ್ವನ ಮುಖ ಕೆಂಪಾಯಿತು. "ಗಂಡ ಜೀವಂತ ಇದ್ದಾಗ ಕಾಲುಂಗುರ ತಗೀತಾರೇನಬೇ ಅಜ್ಜಿ?"

"ನಿನ್ನ ಗಂಡ ನಾಕ ಕಾಲಿನ ಮ್ಯಾಲ ನಿಂತು ನನ್ನ ಹಿತ್ತಲದಾಗಿನ ಮೂಲಂಗಿ ತಿನ್ನಾಕತ್ತಾನ."

"ತಿನ್ನಲಿ. ಜೀವಂತ ಅದಾನಲ್ಲ. ನಾ ತಗಿಯೂದಿಲ್ಲ."

ಅಜ್ಜಿ ಗದರಿದಳು, ದುಂಡವ್ವ ಜಗ್ಗಲಿಲ್ಲ. ಕೋಲನ್ನು ಬಿಚ್ಚಿ, ಕೊನೆಯ ಬಿದಿರನ್ನು ಇನ್ನೊಂದು ಗೇಣು ಹೊರಗೆಳೆದು ಬಿಗಿದಳು. ಬಳೆ ಕಾಲಿನಿಂದ ಒಂದು ಮೊಳ ಮುಂದೆ ಹೋಯಿತು. ಬೆನ್ನು ನೆಟ್ಟಗಿಟ್ಟು ತೂಗಿದಳು. ಜೀರುಂಡೆ ಸುಮ್ಮನಾಯಿತು. ಮೂರು ಹೆಜ್ಜೆ ಇಟ್ಟಳು, ಗುಂಯ್. ಅಗೆದರೆ ತಾಮ್ರದ ಬಿಲ್ಲೆ!

ಅಜ್ಜಿ ಬಿಲ್ಲೆ ಎತ್ತಿಕೊಂಡು ಮಣ್ಣು ಒರೆಸಿದಳು. "ನಲವತ್ತು ವರ್ಷ ಆತು, ಎಲ್ಲಾರ ಕಾಲುಂಗುರ ತಗಸೀನಿ. ನನಗ ಹಿಂಗ ಹೊಳದಿರಲಿಲ್ಲ" ಎಂದು ಒಪ್ಪಿಕೊಂಡಳು. ಗುರುಗಳು ಸೋತಾಗ ಒಪ್ಪಿಕೊಳ್ಳುವುದು ಆ ಕಾಲದಲ್ಲೂ ಅಪರೂಪವೇ.

ಅಷ್ಟರಲ್ಲಿ ಮೊದಲ ಸಂತೆ ಕಳೆದಿತ್ತು. ರೊಟ್ಟಿಯೇ ಬೇಕೆಂದು ಹಟ ಮಾಡುತ್ತಿದ್ದ ಕತ್ತೆ ಈಗ ಹುಲ್ಲನ್ನೂ ಮೂಸುತ್ತಿತ್ತು. ದುಂಡವ್ವ ಕೋಲು ಹೆಗಲಿಗಿಟ್ಟು, ಸೀರೆಯ ಅಂಚು ಹಿಡಿದು, ಅಜ್ಜಿಯ ಕಾಲಿಗೆ ಬಿದ್ದು ಹೊರಟಳು.

ನಡೆದಳು, ನಡೆದಳು, ಕೆಮ್ಮಣ್ಣಿನ ದಿಬ್ಬಕ್ಕೆ ಬಂದಳು. ದಾರಿಗೆ ಅಡ್ಡವಾಗಿ ಒಂದು ಹುಲಿ ಮಲಗಿತ್ತು. ಅದರ ಮುಂದೆ ಒಂದು ಬಟ್ಟಲು ಗಂಜಿ.

"ನನ್ನ ಬಂಗಾರದ ಕ್ವಾರಿ ಹಲ್ಲು ಈ ದಿಬ್ಬದಾಗ ಬಿದ್ದೈತಿ" ಎಂದಿತು ಹುಲಿ ತೊದಲುತ್ತ. "ವರ್ಷ ಆತು, ಬರೇ ಗಂಜಿ ಕುಡದು ಬದಕೀನಿ. ಹುಡುಕಿಕೊಟ್ರ ದಾರಿ ಬಿಡತೀನಿ."

"ಅದೇನ ದೊಡ್ಡ ಮಾತು!" ಎಂದು ದುಂಡವ್ವ ಕೋಲು ಇಳಿಸಿದಳು. ಇಳಿಸಿದ್ದೇ ತಡ, ಜೀರುಂಡೆ ಕಿರುಚತೊಡಗಿತು. ಈ ಸಲ ಕಾಲುಂಗುರ ಅಲ್ಲ, ಕಾಲು ದೂರವೇ ಇತ್ತು. ಆದರೂ ಇಡೀ ದಿಬ್ಬವೇ ಲೋಹವೆಂಬಂತೆ ಗುಂಯ್ ಗುಂಯ್ ಗುಂಯ್. ಬೆಳಗಿನಿಂದ ಮಧ್ಯಾಹ್ನದವರೆಗೆ ಅಗೆದಳು. ಕೆಂಪು ಮಣ್ಣು, ಮತ್ತೆ ಕೆಂಪು ಮಣ್ಣು. ಸಿಟ್ಟು ಬಂದು ಕೋಲನ್ನು ಎಸೆಯಲು ಎತ್ತಿದಳು, ತಪ್ಪೆಂದು ಕೆಳಗಿಳಿಸಿದಳು. ಹಾಗೆ ಇಳಿಸುವಾಗ ಅಜ್ಜಿಯ ಮಾತು ನೆನಪಾಯಿತು. ನೆಲಕ್ಕೆ ನಮಸ್ಕಾರ! ಮುದುಕರ ಶಾಸ್ತ್ರವಿರಬೇಕೆಂದು ಅದನ್ನು ಬಿಟ್ಟುಬಿಟ್ಟಿದ್ದಳು.

ಅದು ಶಾಸ್ತ್ರವಾಗಿರಲಿಲ್ಲ. ಆ ಕೆಂಪು ಮಣ್ಣಿನಲ್ಲೇ ಕಬ್ಬಿಣದ ಅಂಶವಿತ್ತು. ಯಾವ ಗುಂಯ್ ಮಣ್ಣಿನದು, ಯಾವುದು ಹಲ್ಲಿನದು ಎಂದು ಪಾಪ ಜೀರುಂಡೆಗೆ ಹೇಗೆ ಗೊತ್ತಾಗಬೇಕು? ದುಂಡವ್ವ ಬಳೆಯನ್ನು ಎತ್ತಿದಳು, ಇಳಿಸಿದಳು, ಎತ್ತಿದಳು, ಇಳಿಸಿದಳು. ಜೀರುಂಡೆಗೆ ಆ ನೆಲದ ಪರಿಚಯವಾಯಿತು. ಕಿರುಚಾಟ ಗೊಣಗಾಟವಾಯಿತು, ಗೊಣಗಾಟ ಮೌನವಾಯಿತು. ಆಮೇಲೆ ತೂಗುತ್ತ ನಡೆದರೆ ಒಂದು ಹುತ್ತದ ಪಕ್ಕದಲ್ಲಿ ಮಾತ್ರ, ಗುಂಯ್. ಅಲ್ಲೇ ಇತ್ತು ಹಲ್ಲು.

ಹುಲಿ ಹಲ್ಲು ಸಿಕ್ಕಿಸಿಕೊಂಡು, ಬಾಯಿ ಚಪ್ಪರಿಸಿ ಕತ್ತೆಯ ಕಡೆ ನೋಡಿತು.

"ಏ! ಮಾತು ಅಂದ್ರ ಮಾತು. ಅವರು ನಮ್ಮ ಮನಿಯವರು" ಎಂದಳು ದುಂಡವ್ವ.

"ತಪ್ಪಾತವ್ವ" ಎಂದು ನಾಚಿದ ಹುಲಿ ತಾನೂ ಹಿಂದೆ ಹಿಂದೆ ಬಂತು.

ನಡೆದರು, ನಡೆದರು, ದೊಡ್ಡ ಹೊಳೆಯ ಮರಳಿಗೆ ಬಂದರು. ಅಲ್ಲಿ ಅಂಗಳದಷ್ಟು ಅಗಲದ ಆಮೆಯೊಂದು ಕೂತಿತ್ತು. "ನನ್ನ ಬೆಳ್ಳಿ ಗಂಟಿ ಈ ಉಸುಕಿನ್ಯಾಗ ಕಳದೈತಿ. ಹುಡುಕಿಕೊಡು, ಎಲ್ಲಾರನ್ನೂ ಬೆನ್ನ ಮ್ಯಾಲ ಕುಂದ್ರಿಸ್ಕೊಂಡು ದಾಟಸ್ತೀನಿ" ಎಂದಿತು.

ಈ ಸಲ ದುಂಡವ್ವ ಮೊದಲು ನೆಲಕ್ಕೆ ನಮಸ್ಕಾರ ಮಾಡಿಸಿದಳು. ಜೀರುಂಡೆ ಶಾಂತ. ಆಮೇಲೆ ಕೋಲನ್ನು ಬೀಸಿದಳು ನೋಡಿ, ಬೇಲಿ ಹಾರಿ ಬಂದ ದನ ಓಡಿಸುವವರ ಹಾಗೆ! ಬೀಸಿದ ಕೊನೆಗೆ ಬಳೆ ಸೊಂಟದೆತ್ತರಕ್ಕೆ ಹಾರುತ್ತಿತ್ತು. ಒಂದು ದಿನ ಬೀಸಿದಳು, ಎರಡು ದಿನ ಬೀಸಿದಳು. ಮೂರನೆಯ ದಿನ ಅತ್ತ ಎರಡನೆಯ ಸಂತೆಯೂ ಮುಗಿಯಿತು, ಇತ್ತ ಗಂಟೆಯೂ ಇಲ್ಲ. ಹಿಂದೆ ತಿರುಗಿ ನೋಡಿದರೆ ಕತ್ತೆ ಮರಳಿನಲ್ಲಿ ನಾಲ್ಕು ಕಾಲು ಮೇಲೆ ಮಾಡಿ ಹೊರಳಾಡುತ್ತಿತ್ತು. "ಏನ್ರೀ" ಎಂದು ಕರೆದಳು. ಒಂದು ಕಿವಿ ಮಾತ್ರ ಇತ್ತ ತಿರುಗಿತು. ದುಂಡವ್ವ ಇನ್ನೂ ಜೋರಾಗಿ ಬೀಸತೊಡಗಿದಳು.

ಅವಳ ಕಥೆಯನ್ನೆಲ್ಲ ಕೇಳಿ ತಿಳಿದಿದ್ದ ಆಮೆ ನಿಧಾನವಾಗಿ ಕೇಳಿತು, "ಅಲ್ಲವಾ, ತಿದಿ ಒತ್ತೂ ಮುಂದ ಹಿಂಗ ಮಾಡತಿದ್ದೇನು?"

ಆ ಮಾತು ನಾಟಿತು. ತಿದಿಯನ್ನು ಹೀಗೆ ದಬಾದಬಾ ಒತ್ತಿದರೆ ತವರ ಸುಟ್ಟುಹೋಗುತ್ತದೆ. ಅಲ್ಲಿ ಅವಳ ಕೈಗೆ ಲಯವಿತ್ತು. ಅವಳು ಕಣ್ಣು ಮುಚ್ಚಿ ಕುಲುಮೆಯ ಮುಂದೆ ಕೂತಂತೆ ನೆನೆದಳು. ಉಸಿರೆಳೆದು ಎಡಕ್ಕೆ, ಉಸಿರುಬಿಟ್ಟು ಬಲಕ್ಕೆ. ಬಳೆ ನೆಲ ಬಿಟ್ಟು ಮೇಲೇಳದ ಹಾಗೆ, ಅಂಗಳ ಸಾರಿಸುವಾಗ ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಅರ್ಧ ಬರುವ ಹಾಗೆ. ಎರಡು ದಿನ ನೂರು ಸಲ ತುಳಿದಾಡಿದ್ದ ಜಾಗದಲ್ಲೇ ಜೀರುಂಡೆ ಮೆಲ್ಲಗೆ ಗುಂಯ್ ಎಂದಿತು. ಉಸುಕಿನೊಳಗೆ ಬೆಳ್ಳಿ ಗಂಟೆ ನಗುತ್ತಿತ್ತು. ಆಮೆ ಎಲ್ಲರನ್ನೂ ದಾಟಿಸಿತು, ತಾನೂ ಜೊತೆಗೆ ಹೊರಟಿತು. ದಾಟಿಸಲು ಐದು ದಿನ ತೆಗೆದುಕೊಂಡಿತು ಎಂಬುದು ಬೇರೆ ಮಾತು, ಆಮೆಯಲ್ಲವೇ.

ಮೂರನೆಯ ಸಂತೆಯ ದಿನ ಬೆಳಗಾಗುವಾಗ ಅವರು ಮೊಳೆ ಹೊಲದ ಬದುವಿನ ಮೇಲೆ ನಿಂತಿದ್ದರು. ಆಚೆ ಬದಿಯ ಕಟ್ಟೆಯ ಮೇಲೆ ಕಿಲುಬಪ್ಪ ಕಾಲು ಚಾಚಿ ಕೂತು ಶೇಂಗಾ ತಿನ್ನುತ್ತಿದ್ದ.

"ಬಾರವ್ವ ಬಾ! ಹುಡುಕು, ಹುಡುಕು. ನನಗೂ ಹೊತ್ತ ಹೋಗವಲ್ಲದು" ಎಂದು ನಕ್ಕ.

ದುಂಡವ್ವ ಜೀರುಂಡೆಗೆ ಬೆಲ್ಲ ತಿನ್ನಿಸಿದಳು. ನೆಲಕ್ಕೆ ನಮಸ್ಕಾರ ಮಾಡಿಸಿದಳು. ಆಳದ್ದೂ ಕೇಳಲೆಂದು ಬಲಗಿವಿಯನ್ನು ಬಿಗಿಯಾಗಿ ಹಿಂಡಿದಳು. ಮೊಳೆಗಳ ಗದ್ದಲ ಬೇಡವೆಂದು ಎಡಗಿವಿಯನ್ನೂ ಹಿಂಡಿ ಕಬ್ಬಿಣಕ್ಕೆ ಕಿವುಡು ಮಾಡಿದಳು. ಹೊಲ ಗಪ್‌ಚಿಪ್ಪಾಯಿತು. ಉಸಿರಿನ ಲಯದಲ್ಲಿ ತೂಗುತ್ತ ನಡೆದಳು. ಹತ್ತು ಹೆಜ್ಜೆಗೊಮ್ಮೆ ಗುಂಯ್! ಬಂಗಾರದ ಬಟ್ಟಲು. ಕಲ್ಲಿಗೆ ಹೊಡೆದು ಮುರಿದಳು, ಏನೂ ಆಗಲಿಲ್ಲ. ಗುಂಡಿ ಮುಚ್ಚಿ ಮುಂದೆ ಹೋದಳು. ಬೆಳ್ಳಿಯ ಡಾಬು. ಮುರಿದಳು, ಏನೂ ಇಲ್ಲ. ಬಂಗಾರದ ಕಡಗ, ಬೆಳ್ಳಿಯ ದೀಪ, ಬಂಗಾರದ ಬಾಚಣಿಗೆ. ಮಧ್ಯಾಹ್ನಕ್ಕೆ ಬದುವಿನ ಮೇಲೆ ರಾಜನ ಖಜಾನೆಯಷ್ಟು ಗುಡ್ಡೆ ಬಿದ್ದಿತ್ತು. ಪ್ರತಿಯೊಂದನ್ನು ಮುರಿದಾಗಲೂ ಕಿಲುಬಪ್ಪ ಚಪ್ಪಾಳೆ ಹೊಡೆದು ನಗುತ್ತಿದ್ದ.

"ಎಲ್ಲಾ ನಿನಗ ತಗೋ! ಒಂದ ಕತ್ತಿ ಹೋದ್ರ ಹತ್ತ ಕುದರಿ ಕೊಂಡ್ಕೋಬಹುದು!"

"ಏನ್ರೀ" ಎಂದು ದುಂಡವ್ವ ಬದುವಿನತ್ತ ಕರೆದಳು. ಕತ್ತೆ ತಲೆಯೆತ್ತಲಿಲ್ಲ. ಒಂದು ಕಿವಿಯೂ ತಿರುಗಲಿಲ್ಲ.

ದುಂಡವ್ವ ಬಂಗಾರದ ಗುಡ್ಡೆಯ ಪಕ್ಕದಲ್ಲೇ ಕುಸಿದು ಕೂತಳು. ಜೀವನದಲ್ಲಿ ಮೊದಲ ಸಲ ಅವಸರ ಬಿಟ್ಟು ಯೋಚನೆ ಮಾಡಿದಳು. ಈ ಬಂಗಾರ ಒಂದು ಗೇಣಿನ ಆಳದಲ್ಲೂ ಇಲ್ಲ. ಬಚ್ಚಿಡುವವನು ಇಷ್ಟು ಮೇಲೆ ಹೂಳುತ್ತಾನೆಯೇ? ಇವನಿಗೆ ಇದು ಸಿಗಲಿ ಎಂದೇ ಆಸೆ. ಮೊಳೆಗಳನ್ನು ಕಂಡವರು ಏನು ಮಾಡುತ್ತಾರೆ? ಕಬ್ಬಿಣ ಬೇಡ ಎಂದು ಕಿವಿ ಹಿಂಡುತ್ತಾರೆ. ಬೇಡವೆಂದು ಬಿಟ್ಟದ್ದರಲ್ಲೇ ಇದ್ದರೆ?

ಅವಳು ಎದ್ದು ಎಡಗಿವಿಯನ್ನು ಪೂರ್ತಿ ಸಡಿಲಿಸಿದಳು. ಅಬ್ಬಬ್ಬಾ! ಸಾವಿರ ಮೊಳೆಗಳು ಒಟ್ಟಿಗೆ ಕೂಗಿಕೊಂಡವು. ಹುಲಿ ಕಿವಿ ಮುಚ್ಚಿಕೊಂಡಿತು, ಆಮೆ ಚಿಪ್ಪಿನೊಳಗೆ ಹೋಯಿತು. ದುಂಡವ್ವ ಬಲಗಿವಿಯನ್ನೂ ಕೊಂಚ ಸಡಿಲಿಸಿ ಗದ್ದಲ ತಗ್ಗಿಸಿದಳು. ಕಿಲುಬಪ್ಪನ ನಗು ನಿಂತಿತು. ಅವನು ಶೇಂಗಾ ಕೆಳಗಿಟ್ಟ. ಅದನ್ನು ದುಂಡವ್ವ ನೋಡಿದಳು.

ಒಂದು ಮೊಳೆಯ ಮೇಲೆ ಎಡಬಲ ತೂಗಿದಳು, ಗುಂಯ್. ಅಡ್ಡ ತಿರುಗಿ ಅದೇ ಜಾಗದ ಮೇಲೆ ಹಿಂದೆಮುಂದೆ ತೂಗಿದಳು, ಬರೀ ಚಟಪಟ. ಇನ್ನೊಂದು ಮೊಳೆ, ಅದೂ ಹಾಗೆಯೇ. ಮೊಳೆ ಉದ್ದನೆಯದು, ಒಂದು ಕಡೆಯಿಂದ ಒಂದು ಮಾತು, ಇನ್ನೊಂದು ಕಡೆಯಿಂದ ಇನ್ನೊಂದು ಮಾತು. ಊರಲ್ಲೂ ಅಂಥವರಿದ್ದಾರೆ, ಬಿಡಿ. ಹಾಗಾದರೆ ಎರಡೂ ಕಡೆಯಿಂದ ಒಂದೇ ಮಾತಾಡುವ ಕಬ್ಬಿಣ ಎಲ್ಲಿದೆ?

ಸಾಲು ಹಿಡಿದು ಹೋದಳು. ಎಡಬಲ, ಹಿಂದೆಮುಂದೆ. ಎಡಬಲ, ಹಿಂದೆಮುಂದೆ. ಹೊತ್ತು ಇಳಿಯಿತು. ಕೈ ಸೋತಿತು, ಲಯ ತಪ್ಪಲಿಲ್ಲ. ಹೊಲದ ನಟ್ಟನಡುವೆ, ಎಡಬಲ ಗುಂಯ್, ಹಿಂದೆಮುಂದೆಯೂ ಗುಂಯ್! ಎರಡು ಗೆರೆ ಕೂಡಿದಲ್ಲಿ ಅಗೆದಳು. ಒಂದು ಗೇಣು, ಎರಡು ಗೇಣು, ಮೊಳಕೈವರೆಗೆ. ಕೈಗೆ ಸಿಕ್ಕಿದ್ದು ಒಂದು ಪುಟ್ಟ ಕಬ್ಬಿಣದ ಬಳೆ. ದೃಷ್ಟಿ ತಾಗದಿರಲೆಂದು ಕೂಸುಗಳ ಕೈಗೆ ಹಾಕುತ್ತಾರಲ್ಲ, ಅದು.

"ಬ್ಯಾಡವ್ವೋ! ಅದು ನಮ್ಮವ್ವ ನನಗ ಹಾಕಿದ್ದು!" ಎಂದು ಕಿಲುಬಪ್ಪ ಓಡಿಬಂದ. ಹುಲಿ ಬಂಗಾರದ ಹಲ್ಲು ತೋರಿಸಿ ಅಡ್ಡ ನಿಂತಿತು. ನೂರು ವರ್ಷದ ತುಕ್ಕು ಬಳೆಯನ್ನು ದಾರದಷ್ಟು ತೆಳ್ಳಗೆ ಮಾಡಿತ್ತು. ದುಂಡವ್ವ ಎರಡು ಬೆರಳಿನಿಂದ ಅದುಮಿದಳು, ಚಿಟ್ ಎಂದು ಎರಡಾಯಿತು. ಕಿಲುಬಪ್ಪನ ಮೈಯಿಂದ ಹಸಿರು ಹೊಗೆ ಬುಸ್ಸೆಂದು ಹೋಯಿತು. ಉಳಿದದ್ದು ಸ್ನಾನ ಬೇಕಾಗಿದ್ದ ಒಬ್ಬ ಬಡಪಾಯಿ ಮುದುಕ.

ದುಂಡವ್ವ ಗುಂಡಿ ಮುಚ್ಚಿ, ಬದುವಿಗೆ ಓಡಿದಳು. ಕತ್ತೆ ಇನ್ನೂ ಕತ್ತೆಯೇ. ಹುಲ್ಲು ಅಗಿಯುತ್ತಿತ್ತು.

"ಇದೇನಿದು!" ಎಂದು ಅವಳು ಕಿಲುಬಪ್ಪನ ಕಡೆ ತಿರುಗಿದಳು.

"ಮಂತ್ರ ಹೋಗೈತವ್ವ, ನಿನ್ನಾಣಿ" ಎಂದ ಮುದುಕ ನಡುಗುತ್ತ. "ಆದ್ರ ಅವಂಗ ತಾ ಯಾರಂತನ ಮರತು ಹೋಗೈತಿ. ಹೆಂಡತಿ ಬಾಯಿಂದ ಹೆಸರ ಕೇಳಿದ್ರ ಎದ್ದ ಬರ್ತಾನ. ಹೊತ್ತ ಮುಳಗೂದ್ರಾಗ ಕರಿ."

"ಏನ್ರೀ!" ಎಂದಳು ದುಂಡವ್ವ. ಕತ್ತೆ ನೊಣ ಓಡಿಸಿತು. "ಇಲ್ಲಿ ಕೇಳಿಸ್ತೇನ್ರಿ!" ಕತ್ತೆ ಬಾಲ ಬೀಸಿತು.

"ಹೆಸರು, ಹೆಸರು!" ಎಂದವು ಹುಲಿ ಮತ್ತು ಆಮೆ.

ಗಂಡನ ಹೆಸರೇ! ಥಳಥಳಪುರದಲ್ಲಿ ಯಾವ ಹೆಂಡತಿ ಗಂಡನ ಹೆಸರು ಹೇಳಿದ್ದುಂಟು? ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆಯರು ಹೆದರಿಸಿದ್ದರು. ಹೆಸರನ್ನು ಪ್ರಾಸದ ಪದ್ಯದಲ್ಲಿ ಸೇರಿಸಿ ಹೇಳುವ ಒಡಪಿಗೆ ಮಾತ್ರ ಮದುವೆಯ ದಿನ ಒಪ್ಪಿಗೆಯಿತ್ತು. ಅಂದು ಹೊಸ್ತಿಲಲ್ಲಿ ತಡೆದು ನಿಲ್ಲಿಸಿ ಒಡಪು ಹೇಳು ಎಂದು ಎಲ್ಲರೂ ಕಾಡಿದಾಗಲೂ ದುಂಡವ್ವ ನಾಚಿ ಒಳಗೆ ಓಡಿಹೋಗಿದ್ದಳು. ಹುಲಿಗೆ ಹೆದರದವಳು ಈಗ ಹೆದರಿದಳು. ಸೂರ್ಯ ಗುಡ್ಡಕ್ಕೆ ತಾಗಿದ್ದ.

"ನೀವೆಲ್ಲಾ ಅತ್ತಾಗ ಹೊಳ್ಳಿ ನಿಂದರ್ರಿ" ಎಂದಳು. ಹುಲಿ ಮರ್ಯಾದೆಯಿಂದ ಬೆನ್ನು ತಿರುಗಿಸಿತು. ಆಮೆ ತಲೆ ಒಳಗೆಳೆದುಕೊಂಡಿತು. ಕಿಲುಬಪ್ಪ ಕಿವಿಗೆ ಬೆರಳಿಟ್ಟುಕೊಂಡ. ದುಂಡವ್ವ ಸೆರಗು ಹೊದ್ದು, ಕತ್ತೆಯ ಉದ್ದನೆಯ ಕಿವಿ ಹಿಡಿದು, ಮೆಲ್ಲಗೆ ಶುರುಮಾಡಿ ಕೊನೆಗೆ ಇಡೀ ಹೊಲಕ್ಕೆ ಕೇಳುವಂತೆ ಹೇಳಿದಳು:

"ಹಂಡೇದ ಒಳಗ ತವರದ ಲೇಪ,
ಮಂಡಗಿ ಮ್ಯಾಲ ಮಣ ಮಣ ತುಪ್ಪ,
ಕಂಡವರ ಕಣ್ಣಿಗಿ ಕತ್ತೆ ಆದರೂನು
ಗಂಡ ನನಗ ಅಡಿವೆಪ್ಪ!"

ಹುಲ್ಲು ಅಗಿಯುವುದು ನಿಂತಿತು. ಎರಡೂ ಕಿವಿ ನೆಟ್ಟಗಾದವು. ಮೂತಿ ಗಿಡ್ಡವಾಯಿತು, ಬಾಲ ಹೋಯಿತು, ಸೂರ್ಯನ ಕೊನೆಯ ಬೆಳಕಿನಲ್ಲಿ ಅಡಿವೆಪ್ಪ ಬಾಯಲ್ಲಿ ಹುಲ್ಲು ಕಚ್ಚಿಕೊಂಡು ನಿಂತಿದ್ದ. ಹುಲ್ಲನ್ನು ಉಗುಳಿ, ಹೆಂಡತಿಯನ್ನೇ ನೋಡುತ್ತ ತನ್ನ ಎಂದಿನ ನಿಧಾನದಲ್ಲಿ ಕೇಳಿದ:

"ಏನಂದಿ? ಇನ್ನೊಮ್ಮಿ ಅನ್ನು."

ದುಂಡವ್ವ ಅತ್ತಳು, ನಕ್ಕಳು, ಈ ಸಲ ಯಾವುದಕ್ಕೂ ಅವಸರ ಮಾಡಲಿಲ್ಲ. ಇನ್ನೊಮ್ಮೆ ಅಂದಳು. ಮತ್ತೊಮ್ಮೆಯೂ ಅಂದಳು.

ಕಿಲುಬಪ್ಪ ಊರೂರಿಂದ ಕದ್ದು ತಂದು ಹೂತಿದ್ದ ಬಂಗಾರ ಬೆಳ್ಳಿಯನ್ನೆಲ್ಲ, ಅದನ್ನು ಕಳೆದುಕೊಂಡಿದ್ದವರ ಮನೆಗಳಿಗೆ ಮುಟ್ಟಿಸಿದರು. ಕಿಲುಬಪ್ಪನಿಗೆ ಬಿಸಿನೀರು ಹೊಯ್ದು, ಗುಂಯ್‌ಕೋಲು ಹಿಡಿಯಲು ಕಲಿಸಿದರು. ಬಿತ್ತಿದ ಮೊಳೆಗಳನ್ನೆಲ್ಲ ಅವನು ಒಂದೊಂದಾಗಿ ಕೀಳಬೇಕಾಯಿತು, ಒಂದೊಂದು ಗುಂಡಿಯನ್ನೂ ಮುಚ್ಚಬೇಕಾಯಿತು. ಹೊಲದಲ್ಲಿ ಜೋಳ ಬೆಳೆಯಿತು. ಥಳಥಳಪುರದ ಹೆಂಗಸರೆಲ್ಲ ದುಂಡವ್ವನ ಹತ್ತಿರ ಬಂದು ಕೋಲು ಕಟ್ಟುವುದನ್ನು ಕಲಿತರು, ಒಡಪು ಕಟ್ಟುವುದನ್ನೂ ಕಲಿತರು. ಅವರೆಲ್ಲ ಉಂಡುಟ್ಟು ನೂರು ಕಾಲ ಸುಖವಾಗಿ ಬಾಳಿದರು. ಆ ಊರಿನ ಹೆಂಡಂದಿರು ಇವತ್ತಿಗೂ ಗಂಡಂದಿರನ್ನು ಹೆಸರು ಹಿಡಿದೇ ಕರೆಯುತ್ತಾರಂತೆ, ಕರೆದಾಗೆಲ್ಲ ಆ ಗಂಡಸರ ಕಿವಿ ಒಂದು ಸಲ ನಿಮಿರುತ್ತವಂತೆ.